ಹದಿನಾರು ಮಾರ್ಗವಾಗಿ ಕ್ಯಾಂಡಿಗೆ

ನಂಜನಗೂಡು
ಜೂನ್ ೮, ೨೦೨೫, ಭಾನುವಾರ

ಇಂದು ನಿಶ್ಚಯವಾಯಿತು. ಸೆಪ್ಟೆಂಬರ್ ಮಧ್ಯದಲ್ಲಿ ನಾನೂ ನನ್ನ ನಾದಿನಿ ದೇವೀರಮ್ಮನೂ ಶ್ರೀಲಂಕೆಗೆ ಹೋಗುವುದು. ವಿಮಾನ ನಿಲ್ದಾಣದ ಬಳಿಯೇ ಕಾರೊಂದನ್ನು ಬಾಡಿಗೆಗೆ ಪಡೆಯುವುದು. ಚಾಲಕನ ಹಂಗಿಲ್ಲದೆ ನಾವೇ ಓಡಿಸಿಕೊಂಡು ದಂಬುಲ್ಲ, ಸಿಗಿರಿಯ, ಕ್ಯಾಂಡಿ, ನುವರ ಎಲಿಯಗಳನ್ನು ಸುತ್ತಿ ಬರುವುದು. ನಾವೇ ಎಂದರೆ ದೇವೀರಮ್ಮ. ನಾನು ಅವಳ ಪಕ್ಕದಲ್ಲಿ ಕುಳಿತು, ಭೂಪಟ ನೋಡಿ ದಾರಿ ಹೇಳುವವಳು.

ಕಳೆದ ವರ್ಷದ ಕಾಶಿಯಾತ್ರೆಯಲ್ಲಿ ಪ್ರವಾಸ ಸಂಸ್ಥೆಯವನೊಬ್ಬ ಹಳದಿ ಬಾವುಟ ಹಿಡಿದು, "ಎಲ್ಲಾ ಅಜ್ಜೀರೂ ಬಸ್ ಹತ್ಕಳಿ" ಎಂದು ಕೂಗಿದ ದಿನವೇ ನಾನು ಪಣ ತೊಟ್ಟಿದ್ದೆ. ವೃತ್ತಿಜೀವನವಿಡೀ ಮಕ್ಕಳನ್ನು ಸಾಲಾಗಿ ನಡೆಸಿದವಳು ಈ ವಯಸ್ಸಿನಲ್ಲಿ ಇನ್ನೊಬ್ಬರ ಸಾಲಿನಲ್ಲಿ ನಿಲ್ಲಲಾರೆ. ಗೋಡೆಯ ಭೂಪಟದ ಮೇಲೆ ಆ ದ್ವೀಪವನ್ನು ಕೋಲಿನಿಂದ ಎಷ್ಟು ಬಾರಿ ಮುಟ್ಟಿ ತೋರಿಸಿದ್ದೇನೋ! ಕೋಲು ಮುಟ್ಟಿದ ಕಡೆಗೆ ಒಮ್ಮೆ ಕಾಲೂ ಮುಟ್ಟಲಿ.

ದೇವೀರಮ್ಮನಿಗೆ ಕಾರು ಕಲಿಸಿದವರು ಅವಳ ಅಣ್ಣ, ಅಂದರೆ ನಮ್ಮ ಯಜಮಾನರು. ಕಪಿಲೆಯ ದಡದ ಬಯಲಿನಲ್ಲಿ. ನನಗೂ ಕಲಿಸಲು ಬಂದರು. ಅಧ್ಯಾಪಕಿಯೊಬ್ಬಳು ಬಟ್ಟಬಯಲಿನಲ್ಲಿ ತಪ್ಪು ಮಾಡುತ್ತ ಕಲಿಯುವುದನ್ನು ಊರು ನೋಡಬಾರದೆಂದು ನಾನು ಒಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ ಕಾರನ್ನು ಅವಳಿಗೇ ಕೊಟ್ಟೆ. ತಿ. ನರಸೀಪುರದ ಮನೆಯಿಂದ ಮೂಗೂರಿನ ಜಮೀನಿಗೆ ಗೊಬ್ಬರದ ಚೀಲದಿಂದ ಹಿಡಿದು ಗಂಡನವರೆಗೆ ಎಲ್ಲವನ್ನೂ ಅದರಲ್ಲಿಯೇ ಸಾಗಿಸುತ್ತಾಳೆ.

ದೂರವಾಣಿಯಲ್ಲಿ ವಿಷಯ ತಿಳಿಸಿದಾಗ ನಕ್ಕಳು. "ನೀವು ಅಂದ್ಮೇಕೆ ಮುಗೀತು ಬುಡಿ ಅತ್ಗೆ. ಸಿಲೋನ್ ಯಾಕೆ, ಲಂಡನ್‌ಗಾದ್ರೂ ಓಡುಸ್ಕಂಡ್ ಬತ್ತೀನಿ."

"ಸಿಲೋನ್ ಅಲ್ಲ, ಶ್ರೀಲಂಕಾ" ಎಂದು ತಿದ್ದಿದೆ.

ಜೂನ್ ೧೫, ಭಾನುವಾರ

ಪಾಠಯೋಜನೆಯಿಲ್ಲದೆ ತರಗತಿಗೆ ಕಾಲಿಟ್ಟವಳಲ್ಲ ನಾನು. ಆದ್ದರಿಂದ ಪ್ರತಿ ಭಾನುವಾರ ತಾಲೀಮು ನಡೆಯತಕ್ಕದ್ದೆಂದು ನಿರ್ಧರಿಸಿದ್ದೇನೆ. ದೇವೀರಮ್ಮ ಕಾರು ತರುತ್ತಾಳೆ. ಹದಿನಾರು ಎಂಬ ಊರಿನ ಕಡೆಯ ರಸ್ತೆಯನ್ನು ಕ್ಯಾಂಡಿಯ ರಸ್ತೆಯೆಂದೂ ಕಳಲೆಯನ್ನು ದಂಬುಲ್ಲವೆಂದೂ ಮೂಗೂರನ್ನು ನುವರ ಎಲಿಯವೆಂದೂ ಭಾವಿಸಿಕೊಂಡು, ನಾನು ಭೂಪಟ ನೋಡಿ ಹೇಳಿದಂತೆ ಅವಳು ನಡೆಸಬೇಕು.

ಇಂದು ಜೊತೆಗೆ ಬಂದ ಅವಳ ಗಂಡ ಮಾದಪ್ಪನಿಗೆ ಇದೊಂದು ದೊಡ್ಡ ತಮಾಷೆ. "ಮೂಗೂರ್‌ನಲ್ಲಿ ಚಳಿ ಜಾಸ್ತಿ, ಸ್ವೆಟ್ರು ಮಡೀಕಂಡ್ರಾ ಮೇಡಮ್ಮೋರೆ?" ಎಂದು ನಮ್ಮ ಗೇಟಿನಲ್ಲಿಯೇ ಕೇಳಿದ. "ಅಂಗೇ ರಾವಣ ಸಿಕ್ರೆ ಒಂದ್ ಮಾತ್ ಕೇಳಿ, ಅತ್ ತಲೆಗೂ ಒಬ್ಳೇ ಎಂಡ್ತಿ ಎಂಗ್ ಬೈತಿದ್ಲು ಅಂತ."

"ಒಂದೇ ತಲೆಗೆ ಬೈದು ನಂಗೇ ಸಾಕಾಗದೆ, ನಡೀರಿ ಒಳೀಕೆ" ಎಂದಳು ದೇವೀರಮ್ಮ.

ಕಳಲೆಯ ಬಳಿ ಎಡಗಡೆಯ ಓಣಿಯಿಂದ ಎಮ್ಮೆಯೊಂದು ಬಂತು. ಅದು ಕಾರಿನ ಮೂತಿಯ ಮುಂದೆ ಬರುವವರೆಗೂ ಅವಳು ಬ್ರೇಕು ತುಳಿಯಲಿಲ್ಲ.

"ಎಮ್ಮೆಯಷ್ಟು ದೊಡ್ಡದು ಕಾಣಲಿಲ್ಲವೆ?"

"ಬಿಸ್ಲು ಕಣತ್ಗೆ, ಕಣ್ಗ್ ಒಡೀತು."

ಆಕಾಶದ ತುಂಬ ಮೋಡ ಕವಿದಿತ್ತು. ಅದನ್ನೂ ಅವಳಿಗೆ ತೋರಿಸಿಕೊಟ್ಟೆ. ಗಮನವಿಲ್ಲದಿರುವುದಕ್ಕೆ ಬಿಸಿಲನ್ನು ದೂರಬಾರದು.

ಜೂನ್ ೨೪, ಮಂಗಳವಾರ

ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದ ಬಾಡಿಗೆ ಕಾರಿನವರಿಗೆ ಬರೆದಿದ್ದ ಮಿಂಚಂಚೆಗೆ ಉತ್ತರ ಬಂದಿದೆ. ಕೊನೆಯಲ್ಲಿ "ವಿಶಾಲಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ" ಎಂದು ಸ್ಪಷ್ಟವಾಗಿ ನಮೂದಿಸಿದ್ದರೂ ಉತ್ತರವನ್ನು "ಡಿಯರ್ ಸರ್" ಎಂದು ಆರಂಭಿಸಿದ್ದಾರೆ. ಇರಲಿ. ಬಿಳಿಯ ಸಣ್ಣ ಕಾರೊಂದನ್ನು ಸೆಪ್ಟೆಂಬರ್ ಹದಿನೈದಕ್ಕೆ ನಮ್ಮ ಹೆಸರಿನಲ್ಲಿ ಕಾದಿರಿಸಿದ್ದಾರೆ. ಷರತ್ತು ಒಂದೇ: ಓಡಿಸುವವರ ಬಳಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಬೇಕು.

ಅದನ್ನು ಮೈಸೂರಿನ ಸಾರಿಗೆ ಕಚೇರಿಯಲ್ಲಿ ಕೊಡುತ್ತಾರೆ. ಅರ್ಜಿಯೊಡನೆ ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಬೇಕು. ದೇವೀರಮ್ಮನಿಗೆ ತಿಳಿಸಿದೆ.

"ಡಾಕ್ಟ್ರು ಏನೇನ್ ನೋಡ್ತಾರೆ ಅತ್ಗೆ?"

"ಕೈಕಾಲು, ಕಿವಿ, ಕಣ್ಣು."

"ಓ" ಎಂದಳು. ಆಮೇಲೆ, "ಮುಂದಿನ್ ವಾರ ಮಾಡುಸ್ತೀನಿ" ಎಂದಳು.

ಜುಲೈ ೬, ಭಾನುವಾರ

ಇಂದಿನ ತಾಲೀಮು ತಿ. ನರಸೀಪುರದಲ್ಲಿ ಮುಗಿಯಿತು. ಊಟಕ್ಕೆ ಅಲ್ಲಿಯೇ ಉಳಿದೆ. ಪ್ರಮಾಣಪತ್ರವಿನ್ನೂ ಆಗಿಲ್ಲ. ಮೂಗೂರಿನಲ್ಲಿ ಭತ್ತದ ಸಸಿಗೆ ಒಟ್ಟಲು ಹಾಕುವ ಕೆಲಸವಂತೆ. ಒಟ್ಟಲಿಗೂ ವೈದ್ಯರ ಪ್ರಮಾಣಪತ್ರಕ್ಕೂ ಏನು ಸಂಬಂಧವೆಂದು ಕೇಳಿದೆ.

ಅವಳ ಅಜಾಗರೂಕತೆ ದಿನೇ ದಿನೇ ಹೆಚ್ಚುತ್ತಿದೆ. ಎಡಗಡೆ ಇಟ್ಟಿದ್ದ ಕಾಫಿಯ ಲೋಟವನ್ನು ಕೈತಾಗಿಸಿ ಉರುಳಿಸಿದಳು. ಕಾಫಿ ನನ್ನ ಭೂಪಟದ ಮೇಲೆ ಹರಿದು ಪೂರ್ವ ಕರಾವಳಿಯೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಮಾದಪ್ಪ ನಗುತ್ತ, "ಇವ್ಳು ಈಚೀಚ್ಗೆ ಬಾಗ್ಲ್ ಚೌಕಟ್ಗೇ ಭುಜ ಒಡ್ಕತಾಳೆ ಮೇಡಮ್ಮೋರೆ. ಕಾರ್ನೂ ಇಂಗೇ ಓಡ್ಸುದ್ರೆ ಆ ದೇಶ್ದೋರು ಮಡೀಕಂಡ್ಬುಟ್ಟಾರು" ಎಂದ.

"ನಿಮ್ಮಪ್ಪ ಕಟ್ಟುಸ್ದ ಬಾಗ್ಲೇ ಕಿರ್ದು, ನನ್ ಯಾಕಂದೀರಿ?" ಎಂದಳು. ಆದರೆ ಎಂದಿನಂತೆ ನಗಲಿಲ್ಲ.

ಊಟವಾದ ಮೇಲೆ ಊರುಗಳ ಹೆಸರನ್ನು ಅಭ್ಯಾಸ ಮಾಡಿಸಿದೆ. ನುವರ ಎಲಿಯವನ್ನು "ನೂರೇಲಿ" ಎನ್ನುತ್ತಾಳೆ. ಸರಿಯಾಗುವವರೆಗೆ ಹೇಳಿಸಿದೆ.

ಜುಲೈ ೧೫, ಮಂಗಳವಾರ

ಬೆಳಿಗ್ಗೆ ಕರೆ ಮಾಡಿದೆ. ಮಾದಪ್ಪ ಎತ್ತಿದ. "ಮೈಸೂರ್‌ಗೆ ಓಗವ್ಳೆ ಮೇಡಮ್ಮೋರೆ, ಬಸ್ನಲ್ಲಿ." ಏಕೆಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೇಳಬೇಕಾದವರು ಅವರು.

ಜುಲೈ ೨೭, ಭಾನುವಾರ

ಎರಡು ವಾರಗಳಿಂದ ತಾಲೀಮು ನಡೆದಿಲ್ಲ. ಇಂದು ಬಂದಳು, ಬಸ್ಸಿನಲ್ಲಿ. ಕಾರು ರಿಪೇರಿಗೆ ಹೋಗಿದೆಯಂತೆ. ಪ್ರಮಾಣಪತ್ರ ಎಲ್ಲಿ ಎಂದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಳು.

"ಅತ್ಗೆ, ಅಲ್ಲೇ ಒಬ್ಬ ಡ್ರೈವರ್‌ನ ಗೊತ್ತು ಮಾಡ್ಕಂಡ್ ಓಗಾಣ್ವಾ? ನೀವೂ ನಾನೂ ಇಂದ್ಗಡೆ ಆರಾಮ್ವಾಗಿ ಕೂತ್ಕಂಡು..."

ನನಗೆ ಕೋಪ ಬಂತು. ಇಷ್ಟು ದಿನದ ಸಿದ್ಧತೆಯನ್ನು ಒಂದೇ ಮಾತಿನಲ್ಲಿ ಅಳಿಸಿಹಾಕುವುದೆಂದರೇನು? ದಾಕ್ಷಿಣ್ಯಕ್ಕಾಗಿ ಅರ್ಧ ಅಂಕವನ್ನೂ ಕೊಟ್ಟವಳಲ್ಲ ನಾನು. ಒಪ್ಪಿಕೊಂಡ ಕೆಲಸದಿಂದ ಜಾರಿಕೊಳ್ಳುವವರನ್ನು ಕಂಡರೆ ನನಗಾಗದು.

"ಚಾಲಕನನ್ನೇ ಇಟ್ಟುಕೊಳ್ಳುವುದಾದರೆ ನೀನು ಬರುವುದೇಕೆ?" ಎಂದೆ.

ಅವಳು ಕುಡಿದಿಟ್ಟ ಲೋಟವನ್ನು ತಾನೇ ತೊಳೆದು, ಕವುಚಿಟ್ಟು, "ಬತ್ತೀನಿ ಅತ್ಗೆ" ಎಂದು ಹೊರಟಳು. ಮೆಟ್ಟಿಲಿನ ಬಳಿ ಗೋಡೆಯನ್ನು ಮುಟ್ಟಿಕೊಂಡು ಇಳಿದಳು. ಮಂಡಿನೋವಿರಬೇಕು.

ಮಾತು ಸ್ವಲ್ಪ ಬಿರುಸಾಯಿತೇನೋ. ಆದರೆ ತಪ್ಪಾಗಿರಲಿಲ್ಲ.

ಆಗಸ್ಟ್ ೫, ಮಂಗಳವಾರ

ಅವಳಿಂದಾಗದ ಕೆಲಸವನ್ನು ನಾನೇ ಮುಗಿಸಿದೆ.

ನನ್ನ ಹಳೆಯ ವಿದ್ಯಾರ್ಥಿ ಹೇಮಂತ್ ಈಗ ಇಲ್ಲಿಯೇ ವೈದ್ಯ. ಅವನ ದವಾಖಾನೆಯಲ್ಲಿ ಕುಳಿತುಕೊಳ್ಳಲು ಸ್ಥಳವಿಲ್ಲದಷ್ಟು ಜನ. ನನ್ನನ್ನು ಕಂಡದ್ದೇ ತಾನೇ ಎದ್ದು ಬಂದು, ಎಲ್ಲರೆದುರು ಕಾಲು ಮುಟ್ಟಿ ನಮಸ್ಕರಿಸಿ, ನೇರವಾಗಿ ಒಳಗೆ ಕರೆದೊಯ್ದ. ದೇವೀರಮ್ಮನ ಭಾವಚಿತ್ರ ಅಂಟಿಸಿದ ನಮೂನೆಯನ್ನು ಮುಂದಿಟ್ಟೆ.

"ಅವ್ರು ಬಂದಿಲ್ವಾ ಮಿಸ್?"

"ಇದೊಂದಕ್ಕೆ ತಿ. ನರಸೀಪುರದಿಂದ ಕರೆತರಬೇಕೇನಪ್ಪ? ಗಟ್ಟಿಮುಟ್ಟಾಗಿದ್ದಾಳೆ. ದಿನವೂ ಕಾರು ಓಡಿಸುವವಳು."

ದೂರದ ವಾಹನದ ಸಂಖ್ಯೆಯನ್ನು ಓದಬಲ್ಲರೇ ಎಂಬ ಪ್ರಶ್ನೆಯ ಬಳಿ ಅವನ ಲೇಖನಿ ಸ್ವಲ್ಪ ತಡೆಯಿತು. ನನ್ನ ಮುಖ ನೋಡಿದ. "ನೀವ್ ಹೇಳಿದ್ಮೇಲೆ ಇನ್ನೇನು ಮಿಸ್" ಎಂದು ಸಹಿ ಮಾಡಿ ಮುದ್ರೆ ಒತ್ತಿದ. ಹೊರಗೆ ಆಟೊದವರೆಗೆ ಬಂದು ಬೀಳ್ಕೊಟ್ಟ.

ಒಂದು ತಲೆಮಾರನ್ನು ತಿದ್ದಿದ್ದರ ಫಲ ಇದು. ಸಂಜೆಯವರೆಗೂ ಮನಸ್ಸು ತುಂಬಿಕೊಂಡಿತ್ತು.

ಆಗಸ್ಟ್ ೧೦, ಭಾನುವಾರ

ತಿ. ನರಸೀಪುರಕ್ಕೆ ಹೋಗಿ ಪ್ರಮಾಣಪತ್ರವನ್ನು ಕೊಟ್ಟೆ. ದೇವೀರಮ್ಮ ಅದನ್ನು ಬೆಳಕಿಗೆ ಹಿಡಿದು, ತಲೆಯನ್ನು ಓರೆ ಮಾಡಿ, ಬಹಳ ಹೊತ್ತು ನೋಡಿದಳು.

"ಕಣ್ ಸರ್ಯಾಗದೆ ಅಂತ ಬರ್ದವ್ರಾ?"

"ಹೌದು. ಎಲ್ಲವೂ ಸರಿಯಿದೆಯೆಂದು ಬರೆದಿದ್ದಾನೆ. ನಾನು ಖಾತ್ರಿ ಕೊಟ್ಟೆ."

"ನೀವೇ ಕೊಟ್ರಾ" ಎಂದಳು. ಮತ್ತೆ, "ಸರಿ ಅತ್ಗೆ. ನೀವ್ ಏಳ್ದಂಗೆ" ಎಂದಳು.

ಕೃತಜ್ಞತೆಯನ್ನು ನಿರೀಕ್ಷಿಸಿ ನಾನು ಯಾವ ಕೆಲಸವನ್ನೂ ಮಾಡುವುದಿಲ್ಲ. ಆದರೂ ಒಂದು ಒಳ್ಳೆಯ ಮಾತು ಬಂದಿದ್ದರೆ ಆಗುತ್ತಿತ್ತು. ಮಾದಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಅವನತ್ತ ನೋಡಿದಳು. ಅವನು ಎದ್ದು ಹಸುವಿನ ಬಳಿಗೆ ಹೋದ.

ಆಗಸ್ಟ್ ೨೦, ಬುಧವಾರ

ಪರವಾನಗಿಯ ಪುಸ್ತಿಕೆ ಕೈಸೇರಿತು. ಕೊಲಂಬೊಗೆ ವಿಮಾನದ ಟಿಕೇಟುಗಳೂ ಆದವು. ಇಲ್ಲಿಯವರೆಗೆ ಎಲ್ಲವೂ ನಾನು ಎಣಿಸಿದಂತೆಯೇ ನಡೆದಿದೆ. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ.

ಆಗಸ್ಟ್ ೨೩, ಶನಿವಾರ

ಹುಡುಗಿಗೆ ಹೆಚ್ಚಿನ ಪೆಟ್ಟಾಗಿಲ್ಲ. ಇಂದು ಇಷ್ಟೇ ಬರೆಯಬಲ್ಲೆ.

ಆಗಸ್ಟ್ ೨೪, ಭಾನುವಾರ

ನಿನ್ನೆ ನಡೆದದ್ದನ್ನು ಕ್ರಮವಾಗಿ ಬರೆಯಲು ಯತ್ನಿಸುತ್ತೇನೆ.

ಭಾನುವಾರ ಅವರ ಮನೆಗೆ ನೆಂಟರು ಬರುವವರಿದ್ದುದರಿಂದ ಈ ವಾರದ ತಾಲೀಮನ್ನು ಶನಿವಾರಕ್ಕೆ ಇಟ್ಟುಕೊಂಡಿದ್ದೆವು. ನಾನು ಬೆಳಿಗ್ಗೆಯೇ ತಿ. ನರಸೀಪುರಕ್ಕೆ ಹೋದೆ, ಅಲ್ಲಿಂದ ಕಾರಿನಲ್ಲಿ ನಂಜನಗೂಡಿನ ಕಡೆಗೆ ಹೊರಟೆವು. ದೇವೀರಮ್ಮ ಎತ್ತಿನಗಾಡಿಯಂತೆ ಓಡಿಸುತ್ತಿದ್ದಳು. "ಹೀಗಾದರೆ ಕ್ಯಾಂಡಿ ತಲುಪುವಷ್ಟರಲ್ಲಿ ದಸರೆ ಮುಗಿದಿರುತ್ತದೆ" ಎಂದೆ. ಅವಳ ಕೈಗಳು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಹಣೆಯಲ್ಲಿ ಬೆವರಿತ್ತು. ಈಗ ನೆನಪಾಗುತ್ತಿದೆ. ಆಗಲೂ ಕಂಡಿತ್ತು.

ಹದಿನಾರು ದಾಟಿದ ಮೇಲೆ, ಎಡಗಡೆ ಗದ್ದೆಯ ಪಕ್ಕದ ಓಣಿಯಿಂದ, ಶಾಲೆ ಬಿಟ್ಟು ಬರುತ್ತಿದ್ದ ಹುಡುಗಿಯೊಬ್ಬಳು ಸೈಕಲ್ ಮೇಲೆ ರಸ್ತೆಗಿಳಿದಳು. ಕಾರಿನ ಎಡಮೂಲೆ ಸೈಕಲ್ಲಿನ ಹಿಂದಿನ ಗಾಲಿಗೆ ತಗಲಿತು. ಹುಡುಗಿ ಪಕ್ಕದ ಮಣ್ಣುಗುಡ್ಡೆಯ ಮೇಲೆ ಬಿದ್ದಳು.

ಮೊದಲು ಇಳಿದವಳು ನಾನು. ಇಳಿದು ಏನು ಮಾಡಿದೆ? ಆ ಮಗುವನ್ನು ಗದರಿದೆ. "ರಸ್ತೆ ನೋಡಿಕೊಂಡು ಬರಲಾಗುವುದಿಲ್ಲವೆ? ಯಾವ ಶಾಲೆ ನಿನ್ನದು?"

ಹುಡುಗಿ ಎದ್ದು ನಿಂತಳು. ಮೊಣಕೈಯಿಂದ ರಕ್ತ ಇಳಿಯುತ್ತಿದ್ದ ಕೈಯನ್ನು ಇನ್ನೊಂದು ಕೈಯೊಡನೆ ಎದೆಯ ಮೇಲೆ ಕಟ್ಟಿಕೊಂಡು, "ತಪ್ಪಾಯ್ತು ಮಿಸ್" ಎಂದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ದನಿಯೊಂದೇ ಸಾಕಾಗಿತ್ತು.

ಅಷ್ಟರಲ್ಲಿ ದೇವೀರಮ್ಮ ಕಾರನ್ನು ಸುತ್ತಿಬಂದು, ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಸೆರಗಿನಿಂದ ಆ ಮೊಣಕೈಯನ್ನು ಒತ್ತಿಹಿಡಿದಳು.

"ನಿಂದಲ್ಲ ಮಗ ತೆಪ್ಪು, ನಂದು. ನಂಗೆ ಈ ಕಡೆ ಕಾಣ್ಸಕಿಲ್ಲ."

"ಏನಂದೆ?" ಎಂದೆ ನಾನು.

ಅವಳು ನನ್ನ ಕಡೆಗೆ ತಿರುಗಲಿಲ್ಲ. "ಎಡಗಡೆ ಕಾಣ್ಸಕಿಲ್ಲ ಅಂದೆ ಅತ್ಗೆ. ಕಣ್ಣಿನ್ ನರ ಒಣುಗ್ತಾ ಅದಂತೆ. ಇನ್ಮೇಕೆ ಕಾರ್ ಮುಟ್ಬ್ಯಾಡ ಅಂತ ಮೈಸೂರ್ ಡಾಕ್ಟ್ರು ಓದ್ ತಿಂಗ್ಳೇ ಏಳವ್ರೆ."

ಗದ್ದೆಯಲ್ಲಿದ್ದವರು ಓಡಿಬಂದರು. ಯಾರೋ ಹುಡುಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ನಾವು ಹಿಂದೆಯೇ ಆಟೊದಲ್ಲಿ ಹೋದೆವು. ಗಾಯ ತೊಳೆದು ಪಟ್ಟಿ ಕಟ್ಟಿ ಕಳುಹಿಸಿದರು. ಕಾರನ್ನು ಮಾದಪ್ಪ ಬಂದು ಒಯ್ದ. ನನ್ನೊಡನೆ ಅವನು ತಮಾಷೆ ಮಾಡಲಿಲ್ಲ. "ನಿಮ್ಗೆ ಏಳ್ಬುಡು ಅಂತ ನಾನೂ ಏಳ್ದೆ ಮೇಡಮ್ಮೋರೆ, ಇವ್ಳು ಆಣೆ ಆಕ್ಸುದ್ಲು" ಎಂದಷ್ಟೇ ಹೇಳಿದ.

ನಾನು ಎಡಗಡೆಯ ಸೀಟಿನಲ್ಲಿದ್ದೆ. ಹುಡುಗಿ ಬಂದದ್ದು ನನ್ನ ಕಿಟಕಿಯ ಎದುರಿನಲ್ಲಿಯೇ. ದೇವೀರಮ್ಮನಿಗೆ ಕಾಣದ ಕಡೆ ಯಾವುದೋ ಆ ಕಡೆಯಲ್ಲಿಯೇ ನಾನು, ಎರಡೂ ಕಣ್ಣು ಸರಿಯಿರುವವಳು, ಇಷ್ಟು ವಾರಗಳೂ ಕುಳಿತಿದ್ದೆ. ತಲೆ ತಗ್ಗಿಸಿ ಕಾಗದದ ಮೇಲೆ ನುವರ ಎಲಿಯಕ್ಕೆ 'ಎಷ್ಟು ತಿರುವು' ಎಂದು ಹುಡುಕುತ್ತಿದ್ದೆ.

ಆಗಸ್ಟ್ ೨೬, ಮಂಗಳವಾರ, ಗೌರಿಹಬ್ಬ

ಪ್ರತಿ ವರ್ಷ ಈ ದಿನ ದೇವೀರಮ್ಮನಿಗೆ ತವರಿನ ಬಾಗಿನ ಹೋಗಬೇಕು. ಯಜಮಾನರಿದ್ದಾಗ ಅವರೇ ಒಯ್ಯುತ್ತಿದ್ದರು. ಅವರು ಹೋದ ಮೊದಲ ವರ್ಷ ನಾನು ಮೊರ, ಸೀರೆ, ಬಳೆಗಳನ್ನು ಬೇರೆ ಯಾರದಾದರೂ ಕೈಯಲ್ಲಿ ಕಳುಹಿಸಲು ಹೊರಟಾಗ, ಅವಳೇ ಬಂದು, "ಯಾರ್ ಏನ್ ಬೇಕಾದ್ರೂ ಅನ್ಲಿ, ಅತ್ಗೆ ತಂದ್ರೇ ನಂಗೆ ತವ್ರು" ಎಂದು ಪಟ್ಟು ಹಿಡಿದಿದ್ದಳು. ಅಂದಿನಿಂದ ನಾನೇ ಒಯ್ಯುತ್ತೇನೆ.

ಇಂದು ಹೋಗಲು ಕಾಲು ಬರಲಿಲ್ಲ, ಹೋಗದಿರಲೂ ಆಗಲಿಲ್ಲ. ಬಸ್ಸಿನಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದ ಮಾತುಗಳನ್ನು ವಾಕ್ಯ ವಾಕ್ಯವಾಗಿ ಜೋಡಿಸಿಕೊಂಡೆ. ಬಾಗಿಲಿನಲ್ಲಿ ಅವಳನ್ನು ಕಂಡಾಗ ಒಂದೂ ಉಳಿಯಲಿಲ್ಲ.

ಬಾಗಿನ ಪಡೆದಳು. ಎಂದಿನಂತೆ ನನ್ನ ಕಾಲಿಗೆ ಬಾಗಲು ಬಂದಳು, ತಡೆದೆ. ಅಡುಗೆಮನೆಯಲ್ಲಿ ಕುಳಿತೆವು.

"ನನಗೇಕೆ ಹೇಳಲಿಲ್ಲ?" ಎಂದೆ. ಕೇಳಿದ ರೀತಿ ಸರಿಯಿರಲಿಲ್ಲ. ಅದೂ ಗದರಿದಂತೆಯೇ ಇತ್ತು.

ಅವಳು ಕಡುಬಿನ ಹಿಟ್ಟನ್ನು ನಾದುತ್ತಿದ್ದಳು. "ಏಳಾಕೇ ಬಂದಿದ್ದೆ ಅತ್ಗೆ, ಅವತ್ತು ಬಸ್ನಲ್ಲಿ. ಡ್ರೈವರ್ ಮಡೀಕಳಾಣ್ವಾ ಅಂದೆ. ಅಂಗಾದ್ರೆ ನೀನ್ಯಾಕೆ ಅಂದ್ರಿ. ಊಂ, ನಾನ್ಯಾಕೆ? ಅಣ್ಣ ಇಲ್ಲ. ನಿಮ್ಗೆ ನಾನ್ ಬೇಕಾಗಿರಾದೇ ಕಾರ್ ಓಡ್ಸಾಕಲ್ವಾ ಅನ್ನುಸ್ತು."

"ದೇವಿ..."

"ತಾಳಿ ಅತ್ಗೆ, ಅರ್ದಕ್ಕೇ ತಿದ್ಬ್ಯಾಡಿ. ಆಮೇಕೂ ಏಳ್ಬುಡಾಣ ಅಂತಿದ್ದೆ. ಅಷ್ಟ್ರಲ್ಲಿ ನೀವು ಆ ಚೀಟಿ ತಂದ್ರಿ. ಕಣ್ ಸರ್ಯಾಗದೆ ಅಂತ ನೀವೇ ಮಾತ್ ಕೊಟ್ಟಿದ್ದೀನಿ ಅಂದ್ರಿ. ಇನ್ ನಾನು ಕಾಣ್ಸಕಿಲ್ಲ ಅಂದ್ರೆ ನೀವು ಸುಳ್ಳಾಡ್ದಂಗೆ ಆಯ್ತದಲ್ಲ. ನಮ್ಮತ್ಗೆ ಒಂದ್ ಸುಳ್ ಆಡ್ದೋರಲ್ಲ ಅಂತ ಈ ಬೀದೀಲೆಲ್ಲ ಏಳ್ಕಂಡ್ ತಿರ್ಗೋಳು ನಾನು. ನಿಮ್ಮನ್ನ ಸುಳ್ ಮಾಡಾಕೆ ಬಾಯ್ ಬರ್ನಿಲ್ಲ. ನಿಧಾನುಕ್ಕೆ ಓಡ್ಸುದ್ರೆ ಓಯ್ತದೆ ಬುಡು ಅನ್ಕಂಡೆ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಹೂರಣದ ಬಟ್ಟಲು ಅವಳ ಎಡಗಡೆಯಲ್ಲಿತ್ತು. ಅದನ್ನು ತೆಗೆದು ಬಲಗಡೆ ಇಟ್ಟೆ.

ಆಗಸ್ಟ್ ೩೦, ಶನಿವಾರ

ಬೆಳಿಗ್ಗೆ ಹೇಮಂತನ ದವಾಖಾನೆಗೆ ಹೋದೆ. ಚೀಟಿ ಪಡೆದು ಸಾಲಿನಲ್ಲಿ ಕುಳಿತೆ. ಅವನು ಕಿಟಕಿಯಿಂದ ನೋಡಿ ಓಡಿಬಂದ. "ಏನ್ ಮಿಸ್ ಇದು, ಒಳಗೆ ಬನ್ನಿ!"

"ನನ್ನ ಸರದಿ ಬಂದಾಗ ಬರುತ್ತೇನಪ್ಪ. ಹೋಗು, ಒಳಗೆ ಯಾರೋ ಕಾಯುತ್ತಿದ್ದಾರೆ."

ಪಕ್ಕದಲ್ಲಿ ಮೊಮ್ಮಗುವಿನ ಜ್ವರಕ್ಕೆಂದು ಬಂದಿದ್ದ ಅಜ್ಜಿಯೊಬ್ಬಳು ಸರಿದು ಜಾಗ ಕೊಟ್ಟಳು. ನನ್ನ ಸರದಿ ಬಂದಾಗ ಅವನಿಗೆ ನಡೆದದ್ದನ್ನು ತಿಳಿಸಿದೆ. ಮುಖ ಬಿಳುಪೇರಿತು. "ನೋಡ್ದೆ ಸೈನ್ ಮಾಡ್ಬಾರ್ದಿತ್ತು. ನೀವಲ್ವಾ ಅಂತ..." ಎಂದು ತಡವರಿಸಿದ.

"ನಾನಾದ್ದರಿಂದಲೇ ನೀನು ಬೇಡವೆನ್ನಬೇಕಾಗಿತ್ತು. ಆದರೆ ಬೇಡವೆನ್ನುವುದನ್ನು ನಾನು ನಿಮಗೆ ಯಾರಿಗೂ ಕಲಿಸಲಿಲ್ಲ" ಎಂದೆ. ಅವನು ಎದ್ದು ನಿಂತೇ ಇದ್ದ, ಏಳನೆಯ ತರಗತಿಯಲ್ಲಿ ನಿಂತಂತೆ. ಕುಳಿತುಕೋ ಎಂದು ಹೇಳಬೇಕಾಯಿತು. ಸಾರಿಗೆ ಕಚೇರಿಗೆ ನಿಜಸ್ಥಿತಿಯನ್ನು ಬರೆದು ಕೊಡುವುದೆಂದು ಮಾತಾಯಿತು. ದೇವಿ ಲೈಸೆನ್ಸನ್ನು ತಾನೇ ಹಿಂದಿರುಗಿಸುತ್ತಾಳೆ.

ಮಧ್ಯಾಹ್ನ ಹದಿನಾರಿಗೆ ಹೋದೆ. ಹುಡುಗಿಯ ಹೆಸರು ಕೋಮಲ. ಅವಳ ತಂದೆ ಮಾರಯ್ಯ ಸೈಕಲ್ಲಿನ ಗಾಲಿಯನ್ನು ಆಗಲೇ ಸರಿಪಡಿಸಿ ಜಗುಲಿಗೆ ಒರಗಿಸಿದ್ದ. ನನ್ನನ್ನು ಕಂಡು ಹುಡುಗಿ ಮತ್ತೆ ಕೈಕಟ್ಟಿ ನಿಂತಳು.

"ಕೈ ಬಿಡಮ್ಮ. ಅಂದು ತಪ್ಪು ನಿನ್ನದಾಗಿರಲಿಲ್ಲ, ನಾನು ನಿನ್ನನ್ನು ಬೈಯಬಾರದಾಗಿತ್ತು" ಎಂದೆ.

ಅವಳು ತಂದೆಯ ಮುಖ ನೋಡಿದಳು. ಮಾರಯ್ಯ ಮುಜುಗರದಿಂದ, "ಬುಡಿ ಮೇಡಮ್ಮ, ಮಕ್ಳುಗೆ ನೀವಲ್ದೆ ಇನ್ಯಾರ್ ಬೈದಾರು" ಎಂದ. ಆ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ದಾರಿಯುದ್ದಕ್ಕೂ ಅದು ನನ್ನನ್ನು ಬಿಡಲಿಲ್ಲ.

ಸಂಜೆ ನೆಗೊಂಬೊಗೆ ಬರೆದು ಕಾರು ಬೇಡವೆಂದು ತಿಳಿಸಿದೆ. ಉತ್ತರ ಕೂಡಲೇ ಬಂತು. "ಡಿಯರ್ ಸರ್, ನೋ ಪ್ರಾಬ್ಲಂ." ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೇರಿಸಲು ಕೆಲಸದವಳಿಗೆ ಹೇಳಬೇಕು.

ಸೆಪ್ಟೆಂಬರ್ ೭, ಭಾನುವಾರ

ಮೈಸೂರಿನ ಆಸ್ಪತ್ರೆಗೆ ದೇವಿಯೊಡನೆ ಹೋಗಿಬಂದ ಮೇಲೆ ಇದು ನಾಲ್ಕನೆಯ ದಿನ. ಹೋದದ್ದು ಹಿಂದಿರುಗುವುದಿಲ್ಲ, ಉಳಿದಿರುವುದನ್ನು ಕಾಪಾಡಬಹುದು ಎಂದರು ವೈದ್ಯರು. ದಿನವೂ ತಪ್ಪದೆ ಹನಿ ಹಾಕಬೇಕು. ಆರು ತಿಂಗಳ ಮೊದಲೇ ಬಂದಿದ್ದರೆ ಎಂದೂ ಅಂದರು. ದೇವಿ ಚಾವಣಿಯ ಫ್ಯಾನು ನೋಡುತ್ತಿದ್ದಳು. ನಾನು ಕಳಲೆಯ ಆ ಎಮ್ಮೆಯ ಕುರಿತು ಯೋಚಿಸುತ್ತಿದ್ದೆ.

ಕ್ಯಾಂಡಿಗೆ ಚಾಲಕನನ್ನು ಇಟ್ಟುಕೊಂಡು ಹೋಗಬಹುದೆಂದು ನಾನೇ ಎತ್ತಿದೆ. "ಈಗ್ ಬ್ಯಾಡ ಅತ್ಗೆ" ಎಂದಳು. ಒತ್ತಾಯಿಸಲಿಲ್ಲ. ಅಂದೇ ಕೇಳಿದ್ದಳು, ಅಂದು ನಾನು ಹೂಂ ಎಂದಿದ್ದರೆ ಇಷ್ಟು ಹೊತ್ತಿಗೆ ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತು ನಗುತ್ತ ಹೋಗುವವರಿದ್ದೆವು.

ಸೆಪ್ಟೆಂಬರ್ ೧೫, ಸೋಮವಾರ

ದೇವಿಯನ್ನು ಕೆಲವು ದಿನ ತವರಿನಲ್ಲಿರಿಸಿಕೊಳ್ಳೋಣವೆಂದು ಕರೆತರಲು ಹೋಗಿದ್ದೆ. ಮಾದಪ್ಪ ಬಸ್ಸಿನವರೆಗೆ ಬಂದು ಚೀಲ ಮೇಲಿಟ್ಟ. "ಜೋಪಾನ ಮೇಡಮ್ಮೋರೆ, ನಂಜನಗೂಡ್ನಲ್ಲಿ ಆನೆಗೀನೆ ರಸ್ತೇಗ್ ಬಂದಾವು" ಎಂದ. ಬಹಳ ದಿನಗಳ ಮೇಲೆ ಅವನ ತಮಾಷೆ. ದೇವಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅವಳು ಬಲಕ್ಕೆ, ನಾನು ಎಡಕ್ಕೆ, ಕಿಟಕಿಯ ಪಕ್ಕ. ಕಪಿಲೆಯ ಕಡೆಯಿಂದ ಬೀಸಿದ ಗಾಳಿಗೆ ಅವಳ ಮುಂಗುರುಳು ಹಾರುತ್ತಿತ್ತು.

"ಅತ್ಗೆ, ಇವತ್ತಲ್ವಾ ಆ ಕಾರು?"

"ಹೌದು."

"ಯಾರ್ ಓಡುಸ್ತಾವ್ರೋ ಅದ್ನ. ನೂರೇಲಿ ತಲ್ಪವ್ರೋ ಏನೋ."

"ತಲುಪಿರುತ್ತಾರೆ, ನೂರೇಲಿ" ಎಂದೆ.

ಭೂಪಟವನ್ನು ತಂದಿರಲಿಲ್ಲ. ಎಡಗಡೆ ಏನೇನಿದೆ ಎಂದು ಹೇಳುತ್ತ ಹೋದೆ: ನಾಟಿ ಮುಗಿದ ಗದ್ದೆ, ಮಂಟಪ, ಬೇಲಿಯ ಮೇಲೆ ಒಣಹಾಕಿದ ಕೆಂಪು ಸೀರೆ, ಯಾರದೋ ಮನೆಯ ಮುಂದೆ ಕಟ್ಟಿದ ಎಮ್ಮೆ. "ಎಮ್ಮೆ ನಂಗೇ ಕಾಣ್ತು ಬುಡಿ" ಎಂದಳು. ನಿಜವಾಗಿ ಕಂಡಿತೋ, ನನಗಾಗಿ ಹೇಳಿದಳೋ. ಕೇಳಲು ಧೈರ್ಯವಾಗಲಿಲ್ಲ.

ಹದಿನಾರಿನ ಬಳಿ, ಅದೇ ಓಣಿಯ ಬಾಯಲ್ಲಿ, ಬಸ್ಸು ಯಾರನ್ನೋ ಇಳಿಸಲು ನಿಂತಿತು. ಶಾಲೆ ಬಿಡುವ ಹೊತ್ತು. ಕೋಮಲ ಒಂದು ಕಾಲನ್ನು ನೆಲಕ್ಕೂರಿ, ಬಸ್ಸು ಹೋಗಲೆಂದು ಸೈಕಲ್ ಮೇಲೆ ಕಾಯುತ್ತಿದ್ದಳು. ಮೊಣಕೈಯ ಪಟ್ಟಿ ತೆಗೆದಿದ್ದರು.

"ಆ ಹುಡುಗಿ ನಿಂತಿದ್ದಾಳೆ" ಎಂದೆ.

"ಎಲ್ಲಿ ಅತ್ಗೆ? ಎಲ್ಲಿ?" ಎಂದು ದೇವಿ ಮುಂದಕ್ಕೆ ಬಾಗಿ ಹುಡುಕತೊಡಗಿದಳು. ಹುಡುಗಿ ಎದುರಿನಲ್ಲಿಯೇ ಇದ್ದಳು.

ಅವಳ ಗಲ್ಲವನ್ನು ಕೈಯಲ್ಲಿ ಹಿಡಿದು, ಮೆಲ್ಲಗೆ ನನ್ನ ಕಡೆಗೆ, ಇನ್ನೂ ಸ್ವಲ್ಪ ಎಡಕ್ಕೆ, ಕಿಟಕಿಯವರೆಗೆ ತಿರುಗಿಸಿದೆ.

"ಹಾಂ" ಎಂದಳು. "ಸಿಕ್ಕುದ್ಲು."

ಬಸ್ಸು ಹೊರಟಿತು. ಕೈ ತೆಗೆಯುವುದನ್ನು ಮರೆತಿದ್ದೆ.